ಕಡಿದವರು ತಿರುಗಿಸುವಂತಿಲ್ಲ

ಬೀಗದ ಅಂಗಡಿಯ ಮೇಲಿನ ರೂಮಿಗೆ ಬೀಗ ಇರಲಿಲ್ಲ. ಊರಿಗೆಲ್ಲ ಬೀಗ ಕೂರಿಸುವ ಮನೆಯವರಿಗೆ ತಮ್ಮದೇ ಮಹಡಿಯ ಬಾಗಿಲು ಯಾವತ್ತೂ ಲೆಕ್ಕಕ್ಕೆ ಬಂದಿರಲಿಲ್ಲ. ಹೀಗಾಗಿ ಮೊಳೆ ಅಲ್ಲಿ ಕೂತು ಕಂಪ್ಯೂಟರ್ ಆಟ ಕಟ್ಟುತ್ತಿದ್ದ ಎರಡು ವರ್ಷವೂ ಯಾರು ಬೇಕಾದರೂ, ಯಾವಾಗ ಬೇಕಾದರೂ ಒಳಗೆ ತಲೆ ಹಾಕಿ ‘ಇನ್ನೂ ಮುಗೀಲಿಲ್ವಾ’ ಅಂತ ಕೇಳಿ ಹೋಗಬಹುದಾಗಿತ್ತು. ಹೋಗುತ್ತಲೂ ಇದ್ದರು.

ಮೊಳೆ ಅನ್ನುವುದು ಅವಳ ಅಪ್ಪ ಇಟ್ಟ ಅಡ್ಡಹೆಸರು. ಒಂದು ಕಡೆ ಕೂತಳೆಂದರೆ ಇಕ್ಕಳ ಹಾಕಿ ಎಳೆದರೂ ಏಳುವವಳಲ್ಲ ಅಂತ. ಅಪ್ಪ ಹೋದ ಮೇಲೆ ಹೆಸರು ಉಳಿಯಿತು, ಅದರೊಳಗಿನ ಮುದ್ದು ಹೋಯಿತು. ಈಗ ಅವಳಿಗೆ ಮೂವತ್ತು ದಾಟಿದೆ. ವಿಮಾ ಕಂಪನಿಯ ಫೋನ್ ವಿಭಾಗದಲ್ಲಿ ಕೂತು ಗುರುತಿಲ್ಲದವರಿಂದ ಬೈಸಿಕೊಳ್ಳುವ ಕೆಲಸ ಬಿಟ್ಟು, ಗುರುತಿರುವವರಿಂದ ಬೈಸಿಕೊಳ್ಳುವ ಈ ಕೆಲಸಕ್ಕೆ ಬಂದಿದ್ದಳು. ಆ ಕೆಲಸದಲ್ಲಿ ಮಧ್ಯಾಹ್ನ ಊಟಕ್ಕಾದರೂ ಬಿಡುವಿತ್ತು.

ಆಟ ಕಟ್ಟುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಪಾಠ ಹೇಳುವ ಉತ್ಸಾಹಿಗಳಿದ್ದರು. ಅವರೆಲ್ಲ ‘ಇದು ತುಂಬಾ ಸುಲಭ’ ಅಂತ ಶುರು ಮಾಡಿ, ಸುಲಭವಲ್ಲದ ಜಾಗ ಬಂದಾಗ ‘ಇದನ್ನು ನೀವೇ ಮಾಡಿಕೊಳ್ಳಿ’ ಅಂತ ಮುಗಿಸುತ್ತಿದ್ದರು. ಮೊದಮೊದಲು ಅವಳ ಆಟದ ನಾಯಕ ಮೊಣಕಾಲತನಕ ನೆಲದಲ್ಲಿ ಹೂತುಹೋಗುತ್ತಿದ್ದ. ಹೊಸಬರು ಪ್ರಶ್ನೆ ಕೇಳುವ ತಾಣವೊಂದರಲ್ಲಿ ಕೇಳಿದಳು. ಇದನ್ನು ಈ ಮುಂಚೆ ಕೇಳಿಯಾಗಿದೆ ಅಂತ ಒಬ್ಬ ಬರೆದ. ತಪ್ಪು ಜಾಗದಲ್ಲಿ ಕೇಳಿದ್ದೀರಿ ಅಂತ ಇನ್ನೊಬ್ಬ. ಇಷ್ಟೂ ಬಾರದವರು ಸ್ವೆಟರ್ ಹೆಣೆಯುವುದು ಒಳ್ಳೆಯದು ಅಂತ ಮೂರನೆಯವನು. ಕೊನೆಗೆ ನಾಲ್ಕನೆಯವನು ಬಂದು ‘ಪರಿಹಾರವಾಗಿದೆ’ ಅಂತ ಗುರುತು ಹಾಕಿ ಪ್ರಶ್ನೆಯನ್ನೇ ಮುಚ್ಚಿದ. ನಾಯಕ ಇನ್ನೊಂದು ತಿಂಗಳು ನೆಲದೊಳಗೇ ನಡೆದಾಡಿದ.

ಆದರೂ ಆಟ ಒಂದು ರೂಪಕ್ಕೆ ಬಂತು. ಹೆಸರು ‘ಏಳು ಮಹಡಿ’. ಕತ್ತಲೆಯ ಮೆಟ್ಟಿಲು, ಮಹಡಿಗೊಂದು ಬಾಗಿಲು, ಬಾಗಿಲಿಗೊಂದು ಬೀಗ. ಆಡುವವರು ಗುಂಡಿ ಒತ್ತಿ ಹಿಡಿದು ಬೀಗ ತಿರುಗಿಸಬೇಕು. ಒತ್ತಿದಷ್ಟು ಹೊತ್ತು ಬೀಗದೊಳಗೆ ಟಿಕ್ ಟಿಕ್ ಅಂತ ಹಲ್ಲು ಸರಿಯುತ್ತದೆ. ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಹೆಂಗಸು ಕೀಲಿಗೊಂಚಲು ಅಲ್ಲಾಡಿಸುತ್ತ ಹತ್ತಿ ಬರುತ್ತಾಳೆ. ಅವಳು ಮುಟ್ಟಿದರೆ ಮತ್ತೆ ಕೆಳಗಿನ ಮೆಟ್ಟಿಲಿಂದ ಹೊರಡಬೇಕು. ಏಳನೆಯ ಬಾಗಿಲು ತೆರೆದು, ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಗೆದ್ದಂತೆ. ಹೆಂಗಸು ಹೊರಗೆ ನಿಂತು ಬಾಗಿಲು ಬಡಿಯುತ್ತಿರುತ್ತಾಳೆ.

ಈ ಹೆಂಗಸು ಗಿಡ್ಡಗೆ, ಬಲಗಾಲನ್ನು ಸ್ವಲ್ಪ ಭಾರವಾಗಿ ಊರುತ್ತ, ಗೊಂಚಲನ್ನು ಎಡಗೈಯಲ್ಲಿ ಹಿಡಿದು ನಡೆಯುತ್ತಿದ್ದಳು. ಮೊಳೆಯ ಅತ್ತಿಗೆಯೂ ಹಾಗೇ ನಡೆಯುತ್ತಿದ್ದಳು. ಮೊಳೆ ಇದಕ್ಕೆ ಬೇರೆ ಕಾರಣ ಕೊಟ್ಟುಕೊಂಡಿದ್ದಳು: ಹೊಸಬರು ಕಣ್ಣೆದುರಿಗೆ ಇರುವುದನ್ನು ನೋಡಿ ಕಲಿಯಬೇಕು ಅಂತ ಪಾಠದವರು ಹೇಳಿದ್ದರು. ಕಣ್ಣೆದುರಿಗೆ ಹಗಲೆಲ್ಲ ಇದ್ದವಳು ಅತ್ತಿಗೆ.

ಅತ್ತಿಗೆಗೆ ಅಂಗಡಿಯಲ್ಲಿ ಒಂದೇ ಕೆಲಸ, ಆದರೆ ಅದಿಲ್ಲದೆ ಅಂಗಡಿ ನಡೆಯುತ್ತಿರಲಿಲ್ಲ. ಅಪ್ಪನ ಕಾಲದಿಂದ ಬಂದ ಕಟ್ಟಳೆಯದು. ಕೀಲಿಗೆ ಹಲ್ಲು ಕಡಿದವರು ಅದನ್ನು ಬೀಗಕ್ಕೆ ಹಾಕಿ ತಿರುಗಿಸಿ ನೋಡುವಂತಿಲ್ಲ. ಕಡಿದ ಕೈಗೆ ತನ್ನ ಕೀಲಿಯ ಮೇಲೆ ಮಮಕಾರ. ತನಗೇ ಗೊತ್ತಿಲ್ಲದೆ ಮಣಿಕಟ್ಟು ಕೊಂಚ ಓರೆ ಮಾಡಿ, ಕೊಂಚ ಮೇಲೆತ್ತಿ, ಹೇಗೋ ತಿರುಗಿಸಿಬಿಡುತ್ತದೆ. ಅದೇ ಕೀಲಿ ಗಿರಾಕಿಯ ಮನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಅಣ್ಣ ಕಡಿಯುತ್ತಿದ್ದ, ಅತ್ತಿಗೆ ತಿರುಗಿಸುತ್ತಿದ್ದಳು. ಅವಳು ಮೂಗು ಮುರಿದರೆ ಕೀಲಿ ತಗಡಿನ ಡಬ್ಬಕ್ಕೆ. ಅಣ್ಣ ಹೆಂಡತಿಯ ಮಾತು ಕೇಳುತ್ತಿದ್ದದ್ದು ಜಗತ್ತಿನಲ್ಲಿ ಈ ಒಂದು ವಿಷಯಕ್ಕೆ, ಅದೂ ಅವಳು ಮಾತಾಡದೆ ಮೂಗು ಮುರಿಯುತ್ತಿದ್ದುದರಿಂದ.

ಜಗಳ ಶುರುವಾದದ್ದು ತಿಜೋರಿಯಿಂದ. ತಿಜೋರಿ ತಯಾರಿಸುವವರೊಬ್ಬರು ತಮ್ಮ ಮಾಲನ್ನು ಈ ಅಂಗಡಿಯಲ್ಲಿ ಇಡಲು ಒಪ್ಪಿದ್ದರು. ಇಡಲು ಜಾಗ ಬೇಕು. ಜಾಗ ಅಂದರೆ ಮೇಲಿನ ರೂಮು. ಅಂಗಡಿಯ ಹಿಂದಿನ ಅಡಿಗೆಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ಇದನ್ನು ಹವಾಮಾನದ ಸುದ್ದಿ ಹೇಳುವವನಂತೆ ಹೇಳಿದ. ಮೊಳೆ ತಟ್ಟೆ ಸರಿಸಿದಳು. ತಾನು ಬೇರೆಲ್ಲಿ ಕೂರಲಿ ಅಂತ ಕೇಳಿದಳು. ಕೂರುವುದೇ ಯಾಕೆ, ಎದ್ದು ಕೆಲಸಕ್ಕೆ ಹೋಗಬಹುದಲ್ಲ ಅಂದ ಅಣ್ಣ. ಎರಡು ವರ್ಷದಿಂದ ಒಬ್ಬ ಹೆಂಗಸನ್ನು ಮೆಟ್ಟಿಲು ಹತ್ತಿಸುತ್ತಿದ್ದೀಯಲ್ಲ, ನಾನಾಗಿದ್ದರೆ ಇಷ್ಟರಲ್ಲಿ ಅವಳನ್ನು ಹೊತ್ತುಕೊಂಡೇ ಹತ್ತಿಬಿಡುತ್ತಿದ್ದೆ ಅಂದ.

ಅತ್ತಿಗೆ ಬಡಿಸುತ್ತ ನಿಂತಿದ್ದವಳು, ಅಷ್ಟು ಭಾರದ ಪೆಟ್ಟಿಗೆ ಆ ಮೆಟ್ಟಿಲ ತಿರುವಿನಲ್ಲಿ ಹೇಗೆ ಹೋದೀತು ಅಂತ ಬಾಯಿ ತೆರೆದಳು.

“ಇದು ಮನೆಯವರ ಮಾತು,” ಅಂದಳು ಅಮ್ಮ, ತಲೆ ಎತ್ತದೆ. “ಹೊರಗಿನವರಿಗೆ ಇದರಲ್ಲಿ ಏನು ಕೆಲಸ?”

ಅಮ್ಮ ಇದನ್ನು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಮದುವೆಯಾಗಿ ಬಂದ ಮಾರನೆಯ ದಿನದಿಂದ ಸೊಸೆಗೆ ಇದನ್ನೇ ಹೇಳಿ ಹೇಳಿ ಅದು ಅಮ್ಮನಿಗೆ ಕೆಮ್ಮಿನ ಹಾಗೆ ಆಗಿತ್ತು. ಅಣ್ಣ ಸುಮ್ಮನಿದ್ದ, ಅದೂ ಅಷ್ಟೇ ಹಳೆಯ ರೂಢಿ. ಆವತ್ತು ಹೊಸತಾಗಿ ಸೇರಿದ್ದು ಮೊಳೆಯ ದನಿ.

“ನಿಮಗೆ ಈ ರೂಮಿನ ಬೆಲೆ ಏನು ಗೊತ್ತು ಅತ್ತಿಗೆ? ನೀವೇನು ಈ ಮನೇಲಿ ಹುಟ್ಟಿದವರಾ?”

ಅತ್ತಿಗೆ ಸೌಟನ್ನು ಪಾತ್ರೆಯಲ್ಲಿಟ್ಟು, ಪಾತ್ರೆಯನ್ನು ಮೇಜಿನ ಮೇಲಿಟ್ಟು, ಹೊರಗೆ ಹೋದಳು. ಗೊಂಚಲಿನ ಸದ್ದು ಅಂಗಡಿಯತನಕ ಹೋಗಿ ನಿಂತಿತು. ಉಳಿದವರು ತಾವೇ ಬಡಿಸಿಕೊಂಡರು.

ಅಣ್ಣ ಆಗ ಷರತ್ತು ಹಾಕಿದ. ವರ್ಷದ ಕೊನೆಗೆ ಆಟಗಳ ಪ್ರದರ್ಶನವೊಂದಿದೆ, ಹೊಸಬರಿಗೂ ಮೇಜು ಕೊಡುತ್ತಾರೆ ಅಂತ ಮೊಳೆ ಹೇಳುತ್ತಲೇ ಇದ್ದಳಲ್ಲ. ಅದು ಮುಗಿಯುವುದರೊಳಗೆ ಯಾರಾದರೂ ಒಬ್ಬರು ಅವಳ ಆಟವನ್ನು ಕೊನೆಮುಟ್ಟಿಸಲಿ.

“ನಮ್ಮ ಮನೆಯವರಲ್ಲದ ಒಬ್ಬರು. ನೀನು ಪಕ್ಕದಲ್ಲಿ ನಿಂತು ಪಿಸುಗುಟ್ಟೋ ಹಾಗಿಲ್ಲ. ಮುಗಿಸಿದರು ಅಂದ್ರೆ ರೂಮು ನಿಂದು, ಮತ್ತೆ ನಾನು ಆ ಮಾತೇ ಎತ್ತಲ್ಲ. ಇಲ್ಲಾಂದ್ರೆ ಮಾರನೇ ಬೆಳಿಗ್ಗೆ ತಿಜೋರಿ ಮೇಲೆ ಹತ್ತುತ್ತೆ.” ಕೈ ತೊಳೆಯುತ್ತ ಸೇರಿಸಿದ: “ಕಡಿದವರ ಕೈಯಲ್ಲಿ ಮಾತ್ರ ತಿರುಗೋದು ಕೀಲಿ ಅಲ್ಲ ಕಣೇ. ಅದು ತಗಡು.”

ಮೊಳೆಗೆ ನಗು ಬಂತು. ತನ್ನ ಕಂಪ್ಯೂಟರಿನಲ್ಲಿ ಏಳು ಮಹಡಿಯನ್ನು ಅವಳು ಎಷ್ಟು ಸಲ ಹತ್ತಿದ್ದಳೋ ಲೆಕ್ಕವಿಲ್ಲ. ಚಹಾ ಕುಡಿಯುತ್ತ ಒಂದೇ ಕೈಯಲ್ಲಿ ಹತ್ತುತ್ತಿದ್ದಳು. ಇಡೀ ಊರಿನಲ್ಲಿ ಒಬ್ಬ ಹೊರಗಿನವರು ಸಿಗದೇ ಇರುತ್ತಾರೆಯೇ?

ಅಂಗಡಿಯ ಕಂಪ್ಯೂಟರಿನಲ್ಲೂ ಆಟದ ಒಂದು ಪ್ರತಿ ಹಾಕಿದಳು. ಕೀಲಿ ಕಡಿಯುವತನಕ ಗಿರಾಕಿಗಳು ಹೇಗೂ ಕಾಯಬೇಕು, ಆಡಲಿ ಅಂತ. ಗಿರಾಕಿಗಳು ಆಡಿದರು. ಮೂರನೆಯ ಮಹಡಿಯವರೆಗೆ ಎಲ್ಲರೂ ಹೋಗುತ್ತಿದ್ದರು. ನಾಲ್ಕನೆಯ ಬಾಗಿಲಲ್ಲಿ ಎಲ್ಲರೂ ಸಿಕ್ಕಿಬೀಳುತ್ತಿದ್ದರು. ಬೀಗ ತಿರುಗಿ ಮುಗಿಯುವ ಎಷ್ಟೋ ಮುಂಚೆ ಹೆಂಗಸು ಬಂದು ಹೆಗಲು ಹಿಡಿಯುತ್ತಿದ್ದಳು. ನಾಲ್ಕೈದು ಸಲ ನೋಡಿ, ತಮ್ಮ ಕೀಲಿ ತೆಗೆದುಕೊಂಡು, ಇದನ್ನು ಕಟ್ಟಿದವರಿಗೆ ಜನರ ಮೇಲೆ ಏನೋ ಹಗೆ ಇರಬೇಕು ಅಂತ ಹೇಳಿ ಹೋಗುತ್ತಿದ್ದರು.

ಮೊಳೆ ಮೇಲಿನ ಮೆಟ್ಟಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಹೊಸಬರಿಗೆ ಬರುವ ಮೊದಲ ಕಾಯಿಲೆ ನಾಚಿಕೆ. ಎರಡನೆಯದು ಅಹಂಕಾರ, ಅದು ಮೊದಲಿನದಕ್ಕಿಂತ ಬೇಗ ಹರಡುತ್ತದೆ. ಈ ಜನಕ್ಕೆ ತಾಳ್ಮೆಯಿಲ್ಲ ಅಂದಳು. ಬೆರಳಿಗೆ ಚುರುಕಿಲ್ಲ, ಎಲ್ಲವನ್ನೂ ಅಗಿದು ಬಾಯಿಗಿಡಬೇಕು ಅಂದಳು. ತನ್ನ ಮಾತಿಗೆ ಆಧಾರವಾಗಿ ಮೇಲೆ ಹೋಗಿ ಇನ್ನೊಮ್ಮೆ ಏಳೂ ಮಹಡಿ ಹತ್ತಿ ಬಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಅಮ್ಮ ಗೊಣಗಿದಾಗ, ಅದು ನಿನಗೆ ಚೆನ್ನಾಗಿ ಗೊತ್ತಿರಬೇಕು ಅಂತ ಅಣ್ಣನ ಕಡೆ ನೋಡಿದಳು.

ಮಧ್ಯಾಹ್ನ ಊಟವಾದ ಮೇಲೆ ಅಣ್ಣ ಹೊರಗಿನ ಕೆಲಸಕ್ಕೆ ಹೋಗುತ್ತಿದ್ದ, ಅಮ್ಮ ಅಂಗಡಿಯ ಮೂಲೆಯ ಬೆತ್ತದ ಕುರ್ಚಿಯಲ್ಲಿ ನಿದ್ದೆ ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ಕೆಳಗಿನಿಂದ ಆಟದ ಗೊಂಚಲಿನ ಸದ್ದು ಕೇಳಿಬಂದರೆ, ಅದು ಅತ್ತಿಗೆಯ ಕೈಯಲ್ಲಿರುವುದೇ ಅಂದುಕೊಂಡು ಮೊಳೆ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು.

ಪ್ರದರ್ಶನದ ಸಭಾಂಗಣದಲ್ಲಿ ಹೊಸಬರ ಸಾಲನ್ನು ಶೌಚಾಲಯದ ದಾರಿಯಲ್ಲಿ ಹಾಕಿದ್ದರು. ಜನ ಅವಸರದಲ್ಲಿ ಹೋಗುತ್ತಿದ್ದರು, ನಿರಾಳವಾಗಿ ಮರಳುತ್ತಿದ್ದರು. ಮರಳುವವರನ್ನು ಹಿಡಿಯಬೇಕು ಅನ್ನುವುದನ್ನು ಮೊಳೆ ಬೇಗ ಕಲಿತಳು. ಕಂಪ್ಯೂಟರುಗಳು ಸಂಘಟಕರವು. ಅವಳು ತಂದದ್ದು ಬೆರಳುದ್ದದ ಪೆನ್‌ಡ್ರೈವಿನಲ್ಲಿ ಆಟ, ಮತ್ತು ಗಟ್ಟಿಯಾದ ಮುಖ.

ಪಕ್ಕದ ಮೇಜಿನಲ್ಲಿ ನಿವೃತ್ತ ದಂತವೈದ್ಯರೊಬ್ಬರು ಕೂತಿದ್ದರು. ಅವರ ಆಟದಲ್ಲಿ ಒಂದು ಬೆಕ್ಕು ಮಲಗಿರುತ್ತದೆ. ಆಡುವವರು ಅದನ್ನು ಎಬ್ಬಿಸದೆ ಇರಬೇಕು. ಅಷ್ಟೇ. ಅವರ ಮುಂದೆ ಜನ ಸಾಲುಗಟ್ಟಿ ನಿಂತು, ಏನೂ ಮಾಡದೆ, ನಗುತ್ತ ಹೋಗುತ್ತಿದ್ದರು. ನಿಮ್ಮದರಲ್ಲಿ ಬೆಕ್ಕಿಲ್ವಾ ಅಂತ ಅವರು ಮೊಳೆಯನ್ನು ಕನಿಕರದಿಂದ ಕೇಳಿದರು. ಹಲ್ಲು ಕೀಳುವವರ ಕನಿಕರ ಎಂಥದ್ದು ಅಂತ ಬಲ್ಲವರೇ ಬಲ್ಲರು.

ಮೊದಲ ದಿನ ನಾಲ್ಕನೆಯ ಮಹಡಿಯನ್ನು ಯಾರೂ ದಾಟಲಿಲ್ಲ. ಎರಡನೆಯ ದಿನವೂ ಇಲ್ಲ. ಒಬ್ಬ ಕೀಲಿಮಣೆಯನ್ನು ಮೇಜಿಗೆ ಕುಕ್ಕಿ ಎದ್ದ. ದಂಪತಿಗಳಿಬ್ಬರು ಇದರಿಂದ ತಮ್ಮೊಳಗೇ ಜಗಳ ತೆಗೆದು, ಆಟ ಬಿಟ್ಟು ಅದನ್ನು ಮುಂದುವರಿಸಿದರು. ಮೊಳೆ ಪ್ರತಿಯೊಬ್ಬರ ಬೆನ್ನಿಗೂ ಒಂದೊಂದು ಬೈಗುಳವನ್ನು ಬಾಯೊಳಗೇ ಅಂಟಿಸಿದಳು. ಆದರೆ ಅವಳ ಕಣ್ಣು ಗೋಡೆ ಗಡಿಯಾರದ ಕಡೆ ಹೋಗುತ್ತಿತ್ತು.

ಕೊನೆಯ ಮಧ್ಯಾಹ್ನ ತೀರ್ಪುಗಾರ್ತಿ ಬಂದಳು. ಕೊರಳಲ್ಲಿ ಗುರುತಿನ ಪಟ್ಟಿ, ಮುಖದಲ್ಲಿ ಮೂರು ದಿನದ ದಣಿವು. ಆಟ ಕಟ್ಟುವುದರಲ್ಲೇ ಕೂದಲು ನರೆದವಳು ಅಂತ ದಂತವೈದ್ಯರು ಪಿಸುಗುಟ್ಟಿದರು. ಅವಳು ಕೂತು ಆಡಿದಳು. ನಾಲ್ಕನೆಯ ಬಾಗಿಲಲ್ಲಿ ಒಮ್ಮೆ ಸಿಕ್ಕಿಬಿದ್ದಳು, ಇನ್ನೊಮ್ಮೆ ಸಿಕ್ಕಿಬಿದ್ದಳು, ಮೂರನೆಯ ಸಲ ಗುಂಡಿಯಿಂದ ಕೈ ತೆಗೆದು ಕುರ್ಚಿಗೆ ಒರಗಿದಳು.

“ಇದನ್ನ ನೀವು ಆಡಿದೀರಾ?”

ಸಾವಿರ ಸಲ ಅಂದಳು ಮೊಳೆ. ಎಲ್ಲರಿಗೂ ಇದು ಯಾಕೆ ಕಷ್ಟ ಅಂತಲೇ ತನಗೆ ಅರ್ಥವಾಗುತ್ತಿಲ್ಲ, ಇದಕ್ಕಿಂತ ಸುಲಭ ಮಾಡಿದರೆ ಬೆಕ್ಕು ಮಲಗಿಸಿದ ಹಾಗೆ ಆಗುತ್ತದೆ ಅಂತಲೂ ಸೇರಿಸಿದಳು. ದಂತವೈದ್ಯರು ಕನ್ನಡಕ ಒರೆಸಿಕೊಂಡರು.

“ಸರಿ. ನನ್ನೆದುರಿಗೆ ಆಡಿ,” ಅಂತ ತೀರ್ಪುಗಾರ್ತಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಮೊಳೆ ಕೂತಳು. ನಾಲ್ಕಾರು ಜನ ಸೇರಿದರು. ಮೂರು ಮಹಡಿ ಸರಾಗವಾಗಿ ಹತ್ತಿದಳು. ನಾಲ್ಕನೆಯ ಬೀಗಕ್ಕೆ ಗುಂಡಿ ಒತ್ತಿ ಹಿಡಿದು, ಟಿಕ್ ಟಿಕ್ ಕೇಳುತ್ತ, ಜನರ ಕಡೆ ತಿರುಗಿ ತಾಳ್ಮೆಯ ಬಗ್ಗೆ ಏನೋ ಹೇಳತೊಡಗಿದಳು. ಹಿಂದಿನಿಂದ ಗೊಂಚಲಿನ ಸದ್ದು ಬಂತು. ಅದು ಯಾವಾಗಲೂ ಬರುವುದೇ. ಆಮೇಲೆ ಪರದೆಯ ತುಂಬ ಒಂದು ಮುಖ ತಿರುಗಿತು. ಆ ಮುಖವನ್ನು ಅವಳೇ ಬರೆದಿದ್ದಳು, ಎರಡು ವರ್ಷದ ಹಿಂದೆ, ಅವಸರದಲ್ಲಿ. ಆ ಮೊದಲ ವಾರಗಳ ನಂತರ ಅದು ತನ್ನ ಕಡೆಗೆ ತಿರುಗಿರಲಿಲ್ಲ. ಅವಳು ಕುರ್ಚಿಯಲ್ಲಿ ಹಿಂದಕ್ಕೆ ಹಾರಿದಳು. ಯಾರೋ ನಕ್ಕರು.

ಮತ್ತೆ ಹತ್ತಿದಳು. ಮತ್ತೆ ಮುಖ. ಇನ್ನೊಮ್ಮೆ. ಇನ್ನೊಮ್ಮೆ. ಈಗ ಜನ ಲೆಕ್ಕ ಇಡುತ್ತಿದ್ದರು, ಒಳ್ಳೆಯ ಗುಂಪೇ ಕೂಡಿತ್ತು. ಹೊಸಬರ ಸಾಲಿಗೆ ಅಷ್ಟು ಜನ ಬಂದದ್ದು ಅದೇ ಮೊದಲು. ಕೈ ಬೆವೆತು ಗುಂಡಿಯಿಂದ ಜಾರಿತು. ಈ ಕಂಪ್ಯೂಟರ್ ಸರಿಯಿಲ್ಲ ಅಂದಳು ಮೊಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಹಿಂದಿನಿಂದ ಒಂದು ದನಿ.

ಅವಳಿಗೆ ನೆನಪಾದದ್ದು ಆಗ. ಶುರುವಿನ ವಾರಗಳಲ್ಲಿ ಯಾವುದಾದರೂ ಗೋಡೆಯನ್ನೋ ಮೆಟ್ಟಿಲನ್ನೋ ಸರಿಮಾಡಲು ಹೋದರೆ ಸಾಕು, ಈ ಹೆಂಗಸು ಬಂದು ಹಿಡಿಯುತ್ತಿದ್ದಳು. ಕಿರಿಕಿರಿಯಾಗಿ, ತನ್ನ ಕಂಪ್ಯೂಟರಿನಲ್ಲಿ ಮಾತ್ರ ಕೆಲಸ ಮಾಡುವ ಒಂದು ಸ್ವಿಚ್ಚನ್ನು ಆಟದೊಳಗೆ ಬರೆದು, ಕೀಲಿಮಣೆಯ ಮೂಲೆಯ ಗುಂಡಿಯಿಂದ ಅದನ್ನು ಹಾಕಿಟ್ಟಿದ್ದಳು: ಇಲ್ಲಿ ಯಾರೂ ನನ್ನನ್ನು ಮುಟ್ಟುವಂತಿಲ್ಲ. ನಾಳೆ ತೆಗೆಯೋಣ ಅಂದುಕೊಂಡಿದ್ದಳು. ಹೆಂಗಸು ಅವಳ ಮೈಮೂಲಕವೇ ದಾಟಿಹೋಗುತ್ತಿದ್ದಳು, ಬೀಗದ ಮೇಲೆ ಕಣ್ಣಿಟ್ಟ ಮೊಳೆಗೆ ಅದು ಕಾಣುತ್ತಲೂ ಇರಲಿಲ್ಲ. ಅದೇ ಭರವಸೆಯಲ್ಲಿ ನಾಲ್ಕರಿಂದ ಮೇಲಿನ ಬೀಗಗಳನ್ನು ನಿಧಾನ ಮಾಡಿದ್ದಳು, ಹೆಂಗಸಿನ ನಡಿಗೆಯನ್ನು ಚುರುಕು ಮಾಡಿದ್ದಳು. ರೋಮಾಂಚನ ಹೆಚ್ಚಲಿ ಅಂತ. ಎರಡು ವರ್ಷದಲ್ಲಿ ಅವಳೊಬ್ಬಳು ಮಾತ್ರ ತನ್ನ ಆಟವನ್ನು ಆಡಿರಲಿಲ್ಲ.

ತೀರ್ಪುಗಾರ್ತಿಗೆ ಇದನ್ನು ಹೇಳಬೇಕಾಗಲಿಲ್ಲ. ಮುಖ ನೋಡಿಯೇ ತಿಳಿದುಕೊಂಡಳು. “ಸಾಯದ ಸ್ವಿಚ್ಚಾ?” ಅಂತ ಕೇಳಿ, ಉತ್ತರಕ್ಕೆ ಕಾಯದೆ, ನಡಿಗೆ ಮಾತ್ರ ಚೆನ್ನಾಗಿ ಬಂದಿದೆ, ಆ ಹೆಂಗಸಿನದು, ಅಂತ ಹೇಳಿ ಬೆಕ್ಕಿನ ಕಡೆ ನಡೆದಳು.

ಮೊಳೆ ಮನೆಗೆ ಬಂದಾಗ ತಿಜೋರಿ ಆಗಲೇ ಬಂದು ಅಂಗಡಿಯ ಬಾಗಿಲಲ್ಲಿ ನಿಂತಿತ್ತು. ಅಣ್ಣ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದ. ಅವಳು ಇನ್ನೊಂದು ವಾರ ಕೇಳಿದಳು. ತಪ್ಪು ಎಲ್ಲಿದೆ ಅಂತ ಗೊತ್ತಾಗಿದೆ, ಒಂದೇ ದಿನದ ಕೆಲಸ, ಆಮೇಲೆ ಯಾರು ಬೇಕಾದರೂ ದಾಟುತ್ತಾರೆ ಅಂದಳು. ಗಿರಾಕಿಗೆ ತಿರುಗದ ಕೀಲಿ ಕೊಟ್ಟು, ಮನೆಯ ಹೊರಗೆ ಒಂದು ವಾರ ನಿಂತಿರಿ ಅಂದರೆ ಅವನು ಏನಂತಾನೆ ಅಂತ ಅಣ್ಣ ಕೇಳಿದ. ಹಾಗೆ ಕೇಳುವಾಗ ಅವನ ದನಿಯಲ್ಲಿ ಕೋಪವಿರಲಿಲ್ಲ. ಗೆದ್ದವರ ದನಿಯಲ್ಲಿ ಇರುವುದಿಲ್ಲ. ಅಮ್ಮ, ಹೋಗಲಿ ಬಿಡು, ಆ ಫೋನಿನ ಕೆಲಸದವರು ವಾಪಸ್ ತಗೋತಾರೇನೋ ಕೇಳು ಅಂದಳು. ಅತ್ತಿಗೆ ಒಂದು ಕೀಲಿಯನ್ನು ಬೀಗದಲ್ಲಿ ಅತ್ತಿಂದಿತ್ತ ತಿರುಗಿಸುತ್ತ, ಯಾರನ್ನೂ ನೋಡದೆ ಕೂತಿದ್ದಳು.

ಬೆಳಿಗ್ಗೆ ಹಮಾಲಿಗಳು ಬಂದರು. ಮೊಳೆ ಮೇಲಿನಿಂದ ತಂತಿಗಳನ್ನು ಸುತ್ತಿ, ಕಂಪ್ಯೂಟರನ್ನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಹಮಾಲಿಗಳು ತಿಜೋರಿಗೆ ಹಗ್ಗ ಬಿಗಿದು ಮೊದಲ ಮೆಟ್ಟಿಲಿಗೆ ಆನಿಸಿದರು.

“ಸ್ವಲ್ಪ ತಡೀರಿ,” ಅಂದಳು ಅತ್ತಿಗೆ. ಅಂಗಡಿಯ ಕಂಪ್ಯೂಟರಿನ ಪರದೆಯನ್ನು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದಳು. “ಇವಳ ಆಟ ನಾನು ಮೊನ್ನೆ ಮಧ್ಯಾಹ್ನವೇ ಮುಗಿಸಿದೀನಿ.”

ಪರದೆಯಲ್ಲಿ ಏಳನೆಯ ಬಾಗಿಲು ಮುಚ್ಚಿತ್ತು. ಒಳಗಿಂದ ಚಿಲಕ ಬಿದ್ದಿತ್ತು. ಹೊರಗಿನಿಂದ ಯಾರೋ ಬಡಿಯುತ್ತಿದ್ದ ಸದ್ದು, ಬಿಟ್ಟು ಬಿಟ್ಟು.

ಮೊದಲು ಮಾತಾಡಿದವಳು ಮೊಳೆ. ಸಾಧ್ಯವೇ ಇಲ್ಲ ಅಂದಳು. ನಾಲ್ಕನೆಯ ಬಾಗಿಲು ಯಾರಿಂದಲೂ ಆಗುವುದಿಲ್ಲ, ನಿನ್ನೆ ಇಡೀ ಸಭಾಂಗಣ ನೋಡಿದೆ ಅಂದಳು. ತನ್ನ ರೂಮು ಉಳಿಯುವ ಹೊತ್ತಿನಲ್ಲಿ ತನ್ನ ವಿರುದ್ಧವೇ ಸಾಕ್ಷಿ ಹೇಳುವ ಕಲೆ ಈ ಮನೆತನದ್ದೇ ಇರಬೇಕು.

ಅತ್ತಿಗೆ ಅವಳಿಗಲ್ಲ, ಗಂಡನಿಗೆ ಉತ್ತರ ಹೇಳಿದಳು. ಆ ಬೀಗ ಒಂದೇ ಸಲಕ್ಕೆ ತಿರುಗುವುದಿಲ್ಲ, ನಿಜ. ಆದರೆ ಸಿಕ್ಕಿಬಿದ್ದು ಮತ್ತೆ ಹೋದಾಗ ಅದು ಮೊದಲಿನಿಂದ ಶುರುವಾಗುವುದಿಲ್ಲ, ಬಿಟ್ಟಲ್ಲಿಂದಲೇ ಶುರುವಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಟಿಕ್ ಅನ್ನುವ ಸದ್ದು ಮಾತ್ರ ಹಲ್ಲು ಹಲ್ಲಿಗೂ ಕೊಂಚ ಕೊಂಚ ಗಟ್ಟಿಯಾಗುತ್ತ ಹೋಗುತ್ತದೆ. ಹೋಗಬೇಕು, ಒಂದೆರಡು ಹಲ್ಲು ತಿರುಗಿಸಬೇಕು, ಹಿಡಿಸಿಕೊಳ್ಳಬೇಕು, ಮತ್ತೆ ಹೋಗಬೇಕು. ಇಡೀ ದಿನ ಬೀಗ ತಿರುಗಿಸುವವರಿಗೆ ಅಷ್ಟೂ ಕೇಳಿಸದೇ ಇರುತ್ತದೆಯೇ? ಎಷ್ಟು ಸಲ ಹಿಡಿಸಿಕೊಂಡೆ ಅಂತ ಎಣಿಸಲು ಹೋಗಲಿಲ್ಲ ಅಂದಳು. ಅಭ್ಯಾಸ ಇದೆ ಅಂದಳು.

ಸಿಕ್ಕಿಬಿದ್ದರೆ ಬೀಗ ಮೊದಲಿನಿಂದ ಶುರುವಾಗಬೇಕು ಅನ್ನುವುದು ಮೊಳೆಯ ಉದ್ದೇಶವಾಗಿತ್ತು. ಅದನ್ನು ಬರೆಯಲು ಮರೆತಿದ್ದಳು. ಸ್ವಿಚ್ಚು ಹಾಕಿದ ಮೇಲೆ ನಿನ್ನೆಯತನಕ ಒಮ್ಮೆಯೂ ಸಿಕ್ಕಿಬೀಳದವಳಿಗೆ ಗೊತ್ತಾಗುವುದಾದರೂ ಹೇಗೆ?

ಅಣ್ಣ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಸೋಲುವುದು ಅವನಿಗೂ ಅಭ್ಯಾಸವಿರಲಿಲ್ಲ.

“ಅದೆಲ್ಲ ಸರಿ. ನಾನು ಹೇಳಿದ್ದು ಮನೆಯವರಲ್ಲದವರು ಮುಗಿಸಬೇಕು ಅಂತ. ನೀನು ಮನೆಯವಳು. ಲೆಕ್ಕಕ್ಕಿಲ್ಲ.”

“ಓಹೋ,” ಅಂದಳು ಅತ್ತಿಗೆ. “ಇಷ್ಟು ವರ್ಷಕ್ಕೆ ಇವತ್ತು ಗೊತ್ತಾಯ್ತು ನೋಡಿ.”

ಹಮಾಲಿಗಳಲ್ಲಿ ಹಿರಿಯವನು ಹಗ್ಗವನ್ನು ಸಡಿಲ ಬಿಟ್ಟು ಮೆಟ್ಟಿಲ ಮೇಲೆ ಕೂತ. ಇಂಥದ್ದನ್ನು ಅವನು ಬಹಳ ಮನೆಗಳಲ್ಲಿ ನೋಡಿದ್ದ. ಹೊತ್ತಾಗುತ್ತದೆ ಅಂತ ಅವನಿಗೆ ಗೊತ್ತಿತ್ತು.

ಅತ್ತಿಗೆ ಬೆತ್ತದ ಕುರ್ಚಿಯ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ಅತ್ತೇ, ನೀವೇ ಹೇಳಿ. ಇವರೂ ಕೇಳ್ಲಿ, ಈ ಹಮಾಲರೂ ಕೇಳ್ಲಿ. ನಾನು ಈ ಮನೆಯವಳಾ?”

ಅಮ್ಮನ ಬಾಯಿಗೆ ಬಿಸಿತುಪ್ಪ ಬಿತ್ತು. ಹೌದು ಅಂದರೆ ತಿಜೋರಿ ಮೇಲೆ ಹೋಗುತ್ತದೆ, ಮಗ ಗೆಲ್ಲುತ್ತಾನೆ. ಆದರೆ ನಾಳೆಯಿಂದ ಊಟದ ಮೇಜಿನಲ್ಲಿ ಕೆಮ್ಮು ಬಂದರೆ ಏನು ಮಾಡುವುದು? ಮಾತು ಒಂದು ಸಲ ಬಾಯಿಂದ ಬಿದ್ದರೆ ಸೊಸೆ ಅದನ್ನು ಗೊಂಚಲಿಗೆ ಪೋಣಿಸಿಕೊಳ್ಳುತ್ತಾಳೆ. ಅಮ್ಮ ತಿಜೋರಿಯನ್ನು ನೋಡಿದಳು, ಮಗನನ್ನು ನೋಡಿದಳು, ಮಗಳ ಕೈಯಲ್ಲಿದ್ದ ಕಂಪ್ಯೂಟರನ್ನು ನೋಡಿದಳು. ಸೊಸೆಯನ್ನು ನೋಡಲಿಲ್ಲ. ಪರದೆಯೊಳಗಿನ ಬಾಗಿಲನ್ನು ಯಾರೋ ಇನ್ನೂ ಬಡಿಯುತ್ತಿದ್ದರು.

“ತಿಜೋರಿ ಕೆಳಗೇ ಇರ್ಲಿ,” ಅಂದಳು ಅಮ್ಮ.

ಅಣ್ಣ ಏನೋ ಹೇಳಲು ಹೋದ. ಅಮ್ಮ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂತಳು. ಹಮಾಲಿಗಳು ತಿಜೋರಿಯನ್ನು ಅಂಗಡಿಯ ನಟ್ಟನಡುವೆ ಇಳಿಸಿ, ಹತ್ತಿಸಿದ್ದಕ್ಕೆ ಕೊಡಬೇಕಾದ್ದನ್ನೇ ಕೊಡಿ ಅಂತ ಹೊಸ ಜಗಳ ತೆಗೆದರು. ಅದು ಇಡೀ ಬೆಳಿಗ್ಗೆ ನಡೆಯಿತು. ತಿಜೋರಿ ಈಗಲೂ ಅಲ್ಲೇ ಇದೆ. ಗಿರಾಕಿಗಳು ಅದಕ್ಕೆ ಮೊಣಕಾಲು ಹೊಡೆದುಕೊಂಡು ಬೈಯುತ್ತಾರೆ.

ಮೊಳೆ ಮೇಲೆ ಹೋಗಿ ತಂತಿಗಳನ್ನು ಮತ್ತೆ ಬಿಚ್ಚಿ ಜೋಡಿಸಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಸದ್ದು: ಬಲಗಾಲು ಭಾರ, ಎಡಗೈಯಲ್ಲಿ ಗೊಂಚಲು. ಅತ್ತಿಗೆ ಆ ರೂಮಿಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಒಂದು ಹೊಸ ಬೀಗವಿತ್ತು, ತಿರುಪುಳಿಯಿತ್ತು.

ಮೊಳೆಗೆ ಉಪಕಾರ ಸ್ಮರಿಸುವುದು ಹೇಗೆಂದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಮಾಡಿದ್ದನ್ನು ನೋಡಿರಲಿಲ್ಲ. ಹೇಗೋ ಎರಡು ಮಾತು ಹೊಂದಿಸಿಕೊಳ್ಳುತ್ತಿದ್ದಾಗ ಅತ್ತಿಗೆ ತಡೆದಳು.

“ನಿನಗೋಸ್ಕರ ಅಲ್ಲ. ಆಟದ ಆ ಹೆಂಗಸು ಯಾರು ಅಂತ ಮೊದಲ ದಿನವೇ ಗೊತ್ತಾಯ್ತು ನನಗೆ. ಕೊನೆಗೆ ಅವಳನ್ನ ಏನು ಮಾಡಿದೀಯ ಅಂತ ನೋಡೋಣ ಅಂತ ಆಡಿದೆ.” ಬಾಗಿಲ ಬಳಿ ಕೂತು ತಿರುಪು ಬಿಗಿಯತೊಡಗಿದಳು. “ಹೊರಗೆ ನಿಲ್ಲಿಸಿಬಿಟ್ಟಿದೀಯ. ಕೈಯಲ್ಲಿ ಅಷ್ಟೊಂದು ಕೀಲಿ ಇವೆಯಲ್ಲ ಅವಳ ಹತ್ರ. ಒಂದೂ ಆಗಲ್ವಾ ಆ ಬಾಗಿಲಿಗೆ?”

ಮೊಳೆ ಯೋಚಿಸಿದಳು. “ಅವು ಬರೀ ಸದ್ದಿಗೆ ಅತ್ತಿಗೆ. ಅವುಗಳಿಗೆ ಹಲ್ಲೇ ಇಲ್ಲ.”

“ಕಡಿ, ಹಾಗಾದ್ರೆ.”

ಬೀಗ ಕೂತಿತು. ಅತ್ತಿಗೆ ಎರಡು ಕೀಲಿಗಳಲ್ಲಿ ಒಂದನ್ನು ಮೇಜಿನ ಮೇಲಿಟ್ಟು, ಇನ್ನೊಂದನ್ನು ತನ್ನ ಗೊಂಚಲಿಗೆ ಸೇರಿಸಿದಳು. ಮೊಳೆ ಅದನ್ನು ನೋಡಿದಳು. ಕೊಟ್ಟವರೇ ಒಳಗೆ ಬರುವ ಹಕ್ಕನ್ನೂ ಇಟ್ಟುಕೊಂಡರೆ ಬೀಗದಿಂದ ಏನು ಬಂತು ಅಂತ ಅನ್ನಿಸಿತು. ಹೋಗುವ ಮುಂಚೆ ಅತ್ತಿಗೆ ತನ್ನ ಷರತ್ತನ್ನು ಹೇಳಿದಳು, ಈ ಮನೆಯಲ್ಲಿ ಷರತ್ತಿಲ್ಲದೆ ಯಾರೂ ಮೆಟ್ಟಿಲು ಇಳಿಯುವುದಿಲ್ಲ: ಆ ಹೆಂಗಸನ್ನು ಆಡಿಸಲು ಬರುವ ಹಾಗೆ ಮಾಡಬೇಕು. ಒಬ್ಬರು ಹತ್ತುವವರು, ಒಬ್ಬರು ಅಟ್ಟಿಸಿಕೊಂಡು ಬರುವವರು. ಮೊಳೆ ಕಟ್ಟಲಿ. ತಿರುಗಿಸಿ ನೋಡುವುದು ತಾನು.

ಅದನ್ನು ಕಟ್ಟಲು ಮೊಳೆಗೆ ಚಳಿಗಾಲವೆಲ್ಲ ಹಿಡಿಯಿತು. ಹೆಂಗಸು ಮೊದಮೊದಲು ಮೊಣಕಾಲತನಕ ನೆಲದಲ್ಲಿ ಹೂತುಹೋದಳು. ಈ ಸಲ ಮೊಳೆ ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನ ಅಮ್ಮ ನಿದ್ದೆಹೋದ ಮೇಲೆ ಬಾಗಿಲು ತಟ್ಟದೆ ಬೀಗ ತೆಗೆದುಕೊಂಡು ಅತ್ತಿಗೆ ಬರುತ್ತಿದ್ದಳು, ನೋಡುತ್ತಿದ್ದಳು, ಮೂಗು ಮುರಿಯುತ್ತಿದ್ದಳು, ಹೋಗುತ್ತಿದ್ದಳು. ತಗಡಿನ ಡಬ್ಬ ಇಲ್ಲಿರಲಿಲ್ಲ, ಆದರೆ ಸದ್ದು ಮೊಳೆಗೆ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಮೂಗು ಮುರಿಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಮೊಳೆ ಸ್ವಿಚ್ಚಿನ ಕತೆ ಹೇಳಿ, ಅದನ್ನು ಆರಿಸಿದಳು. ಮೊಳೆ ಹತ್ತತೊಡಗಿದಳು, ಅತ್ತಿಗೆ ಅಟ್ಟಿಸಿಕೊಂಡು ಬಂದಳು. ಎರಡನೆಯ ಮಹಡಿಯ ಬೀಗ ಇನ್ನೂ ಅರ್ಧ ತಿರುಗಿರಲಿಲ್ಲ, ಪರದೆಯ ತುಂಬ ಆ ಮುಖ ಬಂತು. ಮೊಳೆಯ ಕೈ ತಾನಾಗಿಯೇ ಕೀಲಿಮಣೆಯ ಮೂಲೆಗೆ ಹೋಯಿತು.

“ಇನ್ನೊಂದ್ಸಲ,” ಅಂದಳು ಅತ್ತಿಗೆ, ಪರದೆಯಿಂದ ಕಣ್ಣು ತೆಗೆಯದೆ. “ಸ್ವಿಚ್ ಹಾಕ್ಬೇಡ.”